ಮಳೆಯ ನಾಡಿನಲ್ಲಿ ಫಿಂಚ್ ಹಕ್ಕಿಗಳಿಗೆ ಸಮತೋಲನದ ಆಹಾರ

ಕೊಡಗಿನಲ್ಲಿ ಫಿಂಚ್ ಹಕ್ಕಿಗಳನ್ನು ಸಾಕುವವರು ಎರಡು ತೊಡಕುಗಳನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. ಒಣ ಕಾಳೊಂದನ್ನೇ ತಿಂದು ಈ ಹಕ್ಕಿಗಳು ಆರೋಗ್ಯವಾಗಿ ಬಾಳಲಾರವು ಎಂಬುದು ಮೊದಲನೆಯದು. ಇದು ಎಲ್ಲ ಊರಿಗೂ ಸಲ್ಲುವ ಮಾತು. ಎರಡನೆಯದು ನಮ್ಮ ನಾಡಿಗೇ ವಿಶೇಷವಾದದ್ದು. ಪಂಜರಗಳಲ್ಲಿ ಹೆಚ್ಚಾಗಿ ಕಾಣುವ ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಹುಲ್ಲುಗಾವಲಿನ ಹಕ್ಕಿಯಾಗಿದ್ದು, ನಾವು ಅದನ್ನು ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರಿನಲ್ಲಿ ಸಾಕುತ್ತಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬಟ್ಟೆಯೂ ಒದ್ದೆಯಾಗಿರುವ ಮನೆಯಲ್ಲಿ ಕಾಳು ಮಾತ್ರ ಒಣಗಿ ಉಳಿಯುವುದಿಲ್ಲ. ಆದುದರಿಂದ ಏನನ್ನು ತಿನ್ನಿಸಬೇಕು ಎಂಬುದರಷ್ಟೇ ಗಮನವನ್ನು ಅದನ್ನು ಹೇಗೆ ಕಾಪಾಡಬೇಕು ಎಂಬುದಕ್ಕೂ ಇಲ್ಲಿ ಕೊಡಬೇಕು.

ಈ ಲೇಖನದಲ್ಲಿ ಹೇಳಿರುವ ಕ್ರಮವು ಜೀಬ್ರಾ ಫಿಂಚ್ ಮತ್ತು ಬೆಂಗಾಲೀಸ್ ಫಿಂಚ್‌ಗಳಿಗೆ ನೇರವಾಗಿ ಅನ್ವಯಿಸುತ್ತದೆ. ಬಣ್ಣಬಣ್ಣದ ಗೌಲ್ಡಿಯನ್ ಫಿಂಚ್‌ಗೂ ಇದೇ ತಳಹದಿ, ಆದರೆ ಅದು ಚಳಿ ಮತ್ತು ತೇವವನ್ನು ಇವೆರಡರಷ್ಟು ತಾಳಿಕೊಳ್ಳುವುದಿಲ್ಲವಾದ್ದರಿಂದ ಹೊಸಬರು ಅದರಿಂದ ಆರಂಭಿಸದಿರುವುದು ಒಳ್ಳೆಯದು. ಬೆಂಗಾಲೀಸ್ ಫಿಂಚ್ ಕಾಡಿನಲ್ಲಿ ಇರುವ ಜಾತಿಯಲ್ಲ. ಬಿಳಿಬೆನ್ನಿನ ರಾಟವಾಳ (ಮುನಿಯ) ಎಂಬ ಪುಟ್ಟ ಕಾಡುಹಕ್ಕಿಯಿಂದ ಪೂರ್ವ ಏಷ್ಯಾದ ಜನರು ತಲೆಮಾರುಗಳ ಕಾಲ ಸಾಕಿ ರೂಪಿಸಿದ ತಳಿ ಅದು, ಮತ್ತು ಅದರ ಮೂಲದ ರಾಟವಾಳ ನಮ್ಮ ಪಶ್ಚಿಮಘಟ್ಟದಲ್ಲಿಯೂ ಇದೆ. ಹಾಗೆಂದು ಗದ್ದೆಗೆ ಬರುವ ರಾಟವಾಳಗಳನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಪಂಜರದಲ್ಲೇ ಹುಟ್ಟಿ ಬೆಳೆದ ವಿದೇಶಿ ಫಿಂಚ್‌ಗಳನ್ನು ಮಾತ್ರ ತನ್ನಿ.

ಕಾಳಿನ ಆಯ್ಕೆ

ಫಿಂಚ್‌ಗಳ ಮುಖ್ಯ ಆಹಾರ ಸಣ್ಣ ಹುಲ್ಲುಧಾನ್ಯಗಳು, ಮತ್ತು ಅದೃಷ್ಟವಶಾತ್ ಅವುಗಳಲ್ಲಿ ಹೆಚ್ಚಿನವು ಕರ್ನಾಟಕದಲ್ಲಿಯೇ ಬೆಳೆಯುತ್ತವೆ. ನವಣೆ ಮತ್ತು ಬರಗು ಮಿಶ್ರಣದ ಬೆನ್ನೆಲುಬಾಗಲಿ. ನಾನು ಸೂಚಿಸುವ ಅಳತೆ ಹೀಗಿದೆ: ನವಣೆ ಎರಡು ಪಾಲು, ಬರಗು ಎರಡು ಪಾಲು, ಸಾಮೆ ಅಥವಾ ಕೊರಲೆ ಒಂದು ಪಾಲು, ಕ್ಯಾನರಿ ಸೀಡ್ ಒಂದು ಪಾಲು, ರಾಗಿ ಅರ್ಧ ಪಾಲು. ಕ್ಯಾನರಿ ಸೀಡ್ ಎಂಬ ಹುಲ್ಲುಕಾಳು ಹೊರದೇಶದಿಂದ ಬರುವುದರಿಂದ ದುಬಾರಿ. ಸಿಗದಿದ್ದರೆ ಅದರ ಜಾಗದಲ್ಲಿ ನವಣೆಯನ್ನೇ ಹೆಚ್ಚಿಸಬಹುದು. ರಾಗಿಯಲ್ಲಿ ಉಳಿದ ಧಾನ್ಯಗಳಿಗಿಂತ ಸುಣ್ಣಾಂಶ ಬಹಳ ಹೆಚ್ಚಾಗಿದ್ದರೂ ಎಲ್ಲ ಹಕ್ಕಿಗಳೂ ಅದನ್ನು ಇಷ್ಟಪಡುವುದಿಲ್ಲ, ಆದುದರಿಂದ ಸ್ವಲ್ಪವೇ ಇರಲಿ. ಹುಚ್ಚೆಳ್ಳಿನಂಥ ಎಣ್ಣೆಕಾಳುಗಳನ್ನು ಡಿಸೆಂಬರ್-ಜನವರಿಯ ಚಳಿಯಲ್ಲಿ ಚಿಟಿಕೆಯಷ್ಟು ಕೊಡಬಹುದು. ವರ್ಷವಿಡೀ ಕೊಟ್ಟರೆ ಸಣ್ಣ ಪಂಜರದಲ್ಲಿ ಹಾರಾಟವಿಲ್ಲದೆ ಕುಳಿತಿರುವ ಹಕ್ಕಿಗೆ ಕೊಬ್ಬು ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿರಿಧಾನ್ಯದ ಅಂಗಡಿಗಳಲ್ಲಿ ನಮ್ಮ ಅಡುಗೆಗೆಂದು ಮಾರುವ ನವಣೆ ಅಕ್ಕಿ, ಸಾಮೆ ಅಕ್ಕಿಗಳು ಹೊಟ್ಟು ತೆಗೆದವು. ಹೊಟ್ಟು ಕಳೆದುಕೊಂಡ ಕಾಳು ಬೇಗ ಕಮಟು ಹಿಡಿಯುತ್ತದೆ, ಕೊಕ್ಕಿಗೆ ಮಾಡಬೇಕಾದ ಕೆಲಸವೂ ಇಲ್ಲವಾಗುತ್ತದೆ. ಹೊಟ್ಟು ಸಹಿತವಾದ ಇಡೀ ಕಾಳನ್ನೇ ಕೇಳಿ ಪಡೆಯಬೇಕು. ಬಿತ್ತನೆಗೆಂದು ಮಾರುವ ಬೀಜವನ್ನಂತೂ ಎಂದಿಗೂ ತರಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದು ಸಾಮಾನ್ಯ, ಮತ್ತು ಹಲವೊಮ್ಮೆ ಅದರ ಗುರುತಾಗಿ ಬೀಜಕ್ಕೆ ಗುಲಾಬಿಯಂಥ ಬಣ್ಣವಿರುತ್ತದೆ. ತಂದ ಕಾಳು ಎಷ್ಟು ತಾಜಾ ಇದೆಯೆಂದು ತಿಳಿಯಲು ಇಪ್ಪತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಮಡಚಿ ಎರಡು ಮೂರು ದಿನ ಇಟ್ಟು ನೋಡಿ. ಹೆಚ್ಚಿನವು ಮೊಳೆತರೆ ಕಾಳಿಗೆ ಜೀವವಿದೆ. ನಾಲ್ಕೈದು ಮಾತ್ರ ಮೊಳೆತರೆ ಆ ಅಂಗಡಿಯ ದಾಸ್ತಾನು ಹಳೆಯದು.

ಒಂದು ಹಕ್ಕಿಗೆ ದಿನಕ್ಕೆ ಮಟ್ಟಸವಾದ ಒಂದು ಟೀ ಚಮಚದಷ್ಟು ಕಾಳು ಸಾಕಾಗುತ್ತದೆ. ಜೀಬ್ರಾ ಫಿಂಚ್‌ನ ತೂಕ 12ರಿಂದ 15 ಗ್ರಾಂ ಅಷ್ಟೇ. ಇಷ್ಟು ಚಿಕ್ಕ ದೇಹವು ತನ್ನ ಬಿಸಿಯನ್ನು ಕಾಪಾಡಿಕೊಳ್ಳಲು ಬೆಳಗಿನಿಂದ ಸಂಜೆಯವರೆಗೆ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಲೇ ಇರಬೇಕು. ದಿನವೊಂದು ಉಪವಾಸ ಬಿದ್ದರೂ ಪ್ರಾಣಾಪಾಯವಿದೆ. ಆದುದರಿಂದ ಹೊತ್ತು ಮೂಡುವ ವೇಳೆಗೆ ಬಟ್ಟಲಿನಲ್ಲಿ ಕಾಳು ಇರುವಂತೆ ನೋಡಿಕೊಳ್ಳಬೇಕು, ತಡವಾಗಿ ಏಳುವ ಮನೆಗಳಲ್ಲಿ ಹಿಂದಿನ ರಾತ್ರಿಯೇ ಇಡಬೇಕು.

ಈ ಹಕ್ಕಿಗಳು ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಹೊಟ್ಟನ್ನು ಅಲ್ಲೇ ಉದುರಿಸಿ, ಒಳಗಿನ ತಿರುಳನ್ನಷ್ಟೇ ನುಂಗುತ್ತವೆ. ಉದುರಿದ ಹೊಟ್ಟು ಬಟ್ಟಲಿನ ಮೇಲೆ ಪದರವಾಗಿ ಕೂಡುತ್ತದೆ, ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಆಹಾರ ಎದುರಿಗಿದೆಯೆಂದು ಮನೆಯವರು ನಂಬಿರುವಾಗಲೇ ಹಕ್ಕಿ ಹಸಿವಿನಿಂದ ಸಾಯುವುದು ಹೀಗೆ. ದಿನಕ್ಕೆ ಎರಡು ಬಾರಿ ಬಟ್ಟಲನ್ನು ಹೊರಗೆ ತೆಗೆದು ಮೆಲ್ಲನೆ ಊದಿ, ಉಳಿದ ಕಾಳನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಹುತ್ತರಿ ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವಾಗ ಹಕ್ಕಿಗಳನ್ನು ನೆರೆಯವರಿಗೆ ಒಪ್ಪಿಸುವವರು ಈ ಒಂದು ವಿಷಯವನ್ನು ಅವರ ಕಣ್ಣೆದುರೇ ಮಾಡಿ ತೋರಿಸಿ ಹೋಗಬೇಕು, ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಮಳೆಗಾಲದಲ್ಲಿ ಕಾಳನ್ನು ಕಾಪಾಡುವುದು

ತೇವ ಹಿಡಿದ ಕಾಳಿನಲ್ಲಿ ಬೆಳೆಯುವ ಬೂಷ್ಟುಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಈ ವಿಷ ಯಕೃತ್ತನ್ನು ಕೆಡಿಸುತ್ತದೆ, ಮತ್ತು ಬೂಷ್ಟು ಹಿಡಿದ ಕಾಳನ್ನು ತೊಳೆದರೂ ಬಿಸಿಲಿಗೆ ಹಾಕಿದರೂ ಹುರಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ, ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಉಂಡೆ ಕಟ್ಟಿದ್ದರೆ, ಜೇಡನ ಬಲೆಯಂಥ ಎಳೆಗಳು ಕಂಡರೆ ಅಷ್ಟನ್ನೂ ಚೆಲ್ಲಬೇಕು. ಅಂಗಳದ ಕೋಳಿಗಳಿಗೆ ಹಾಕೋಣವೆಂದು ಯೋಚಿಸಬಾರದು. ಈ ವಿಷ ಕೋಳಿಗಳಿಗೂ ಅಷ್ಟೇ ಅಪಾಯಕಾರಿ.

ದಾಸ್ತಾನಿನ ವಿಷಯದಲ್ಲಿ ಕೊಡಗಿನ ಎಲ್ಲ ಊರುಗಳಿಗೂ ಒಂದೇ ನಿಯಮ ಸರಿಹೋಗುವುದಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಮೈಸೂರಿನ ದಾರಿ ಹತ್ತಿರ; ಅಲ್ಲಿಯವರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ತಾಜಾ ಕಾಳು ತಂದುಕೊಳ್ಳುವುದು ಉತ್ತಮ. ಭಾಗಮಂಡಲ, ನಾಪೋಕ್ಲು, ಮಡಿಕೇರಿಯ ಸುತ್ತಮುತ್ತಲಿನವರು ಏಪ್ರಿಲ್-ಮೇ ತಿಂಗಳ ಒಣ ದಿನಗಳಲ್ಲೇ ಮಳೆಗಾಲಕ್ಕೆ ಬೇಕಾದಷ್ಟನ್ನು ತಂದು, ಎರಡು ದಿನ ಒಳ್ಳೆಯ ಬಿಸಿಲಿನಲ್ಲಿ ಹರಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲಿನ ಡಬ್ಬಿಗಳಲ್ಲಿ ತುಂಬಿಡಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಯಲ್ಲಿಟ್ಟು ದಿನವೂ ತೆರೆಯುವುದಕ್ಕಿಂತ, ಎರಡು ವಾರಕ್ಕೆ ಸಾಕಾಗುವಷ್ಟನ್ನು ಹಿಡಿಸುವ ಸಣ್ಣ ಡಬ್ಬಿಗಳಾಗಿ ವಿಂಗಡಿಸಿಟ್ಟರೆ ಪ್ರತಿ ಡಬ್ಬಿಯೂ ತೆರೆಯುವವರೆಗೆ ಒಣಗಿಯೇ ಇರುತ್ತದೆ.

ಹುಳದ ಮೊಟ್ಟೆಗಳನ್ನು ಕೊಲ್ಲಲು ಕಾಳನ್ನು ಒಂದು ವಾರ ಫ್ರೀಜರಿನಲ್ಲಿಡುವ ಕ್ರಮ ಒಳ್ಳೆಯದೇ. ಆದರೆ ಹೊರತೆಗೆದ ಪೊಟ್ಟಣವನ್ನು ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬಾರದು, ತೆರೆದರೆ ಗಾಳಿಯ ತೇವವೆಲ್ಲ ತಣ್ಣನೆಯ ಕಾಳಿನ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಫ್ರೀಜರನ್ನೇ ಕಾಯಂ ಕಣಜವಾಗಿ ನೆಚ್ಚಿಕೊಳ್ಳಬಾರದು. ಪಂಜರದ ಬಟ್ಟಲಿನಲ್ಲಿಯೂ ಈ ತಿಂಗಳುಗಳಲ್ಲಿ ಒಂದು ದಿನದ ಕಾಳನ್ನಷ್ಟೇ ಇಡಿ. ಎರಡು ಜೊತೆ ಬಟ್ಟಲುಗಳಿದ್ದರೆ ಒಂದನ್ನು ತೊಳೆದು ಪೂರ್ತಿ ಒಣಗಿಸುವಾಗ ಇನ್ನೊಂದನ್ನು ಬಳಸಬಹುದು. ಇರುವೆ ಹತ್ತದಂತೆ ಪಂಜರದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಇರುವೆ ಸೀಮೆಸುಣ್ಣ ಕೀಟನಾಶಕವಾದ್ದರಿಂದ ಅದನ್ನು ಪಂಜರದ ಬಳಿ ಗೀಚಬಾರದು.

ಸೊಪ್ಪು, ಹಸಿರು ತೆನೆ ಮತ್ತು ಮೊಳಕೆ

ಒಣ ಕಾಳಿನಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಇದರ ಕೊರತೆಯಿಂದ ಮೂಗು, ಬಾಯಿ, ಶ್ವಾಸನಾಳಗಳ ಒಳಪದರ ಒರಟಾಗಿ ಸೋಂಕುಗಳು ಸುಲಭವಾಗಿ ಹತ್ತುತ್ತವೆ. ತೇವದ ಹವೆಯಲ್ಲಿ ಮೊದಲೇ ಉಸಿರಾಟದ ತೊಂದರೆಗೆ ಒಳಗಾಗಬಲ್ಲ ಹಕ್ಕಿಗೆ ಇದು ಇನ್ನಷ್ಟು ಕಷ್ಟ. ಹೀಗಾಗಿ ದಿನವೂ ಒಂದಿಷ್ಟು ಹಸಿರು ಬೇಕು. ನುಗ್ಗೆ ಸೊಪ್ಪು, ಕೊತ್ತಂಬರಿ, ಮೆಂತ್ಯ ಸೊಪ್ಪು ಮತ್ತು ಸಣ್ಣಗೆ ತುರಿದ ಕ್ಯಾರೆಟ್ ಇವು ಸಂತೆಯಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಆಯ್ಕೆಗಳು. ಅವುಗಳಲ್ಲಿ ನುಗ್ಗೆಗೆ ನನ್ನ ಮೊದಲ ಮತ, ಏಕೆಂದರೆ ಎ ಜೀವಸತ್ವದ ಮೂಲದ್ರವ್ಯ ಮತ್ತು ಸುಣ್ಣಾಂಶ ಎರಡೂ ಅದರಲ್ಲಿ ಧಾರಾಳವಾಗಿವೆ, ಎಲೆಯೂ ಫಿಂಚ್‌ನ ಕೊಕ್ಕಿಗೆ ತಕ್ಕಷ್ಟು ಚಿಕ್ಕದು. ಪಾಲಕ್ ಮತ್ತು ಹರಿವೆ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುವುದರಿಂದ ಅವು ವಾರಕ್ಕೊಮ್ಮೆಗೆ ಸೀಮಿತವಾಗಿರಲಿ. ಸೊಪ್ಪನ್ನು ಚೆನ್ನಾಗಿ ತೊಳೆದು, ನೀರು ಕೊಡವಿ, ಸಣ್ಣ ಕಂತೆ ಕಟ್ಟಿ ಕೂರುವ ಕೋಲಿನ ಪಕ್ಕ ಸಿಕ್ಕಿಸಬೇಕು. ಮಧ್ಯಾಹ್ನದ ಹೊತ್ತಿಗೆ ಉಳಿದುದನ್ನು ತೆಗೆದುಬಿಡಬೇಕು.

ಸೊಪ್ಪಿಗಿಂತಲೂ ಹೆಚ್ಚಿನ ಆಸೆಯಿಂದ ಫಿಂಚ್‌ಗಳು ತಿನ್ನುವುದು ಹಾಲುಗಾಳು ತುಂಬಿದ ಹಸಿರು ಹುಲ್ಲಿನ ತೆನೆಗಳನ್ನು. ಕಾಡಿನಲ್ಲಿರುವ ಇವುಗಳ ಬಳಗ ಮರಿ ಮಾಡುವುದೂ ಮಳೆಯ ಬೆನ್ನಿಗೆ ಹುಲ್ಲು ಕಾಳುಕಟ್ಟುವ ಕಾಲದಲ್ಲಿಯೇ. ಮಳೆ ಹಿಂದೆಗೆದ ಮೇಲೆ ತೋಟದಂಚಿನ ಗಿನಿ ಹುಲ್ಲು ತೆನೆಗೆ ಬರುತ್ತದೆ. ಕುಂಡದಲ್ಲಿ ಒಂದು ಹಿಡಿ ನವಣೆ ಚೆಲ್ಲಿದರೆ ಅದೂ ತೆನೆ ಕೊಡುತ್ತದೆ. ಆದರೆ ತೋಟದಿಂದ ಏನನ್ನಾದರೂ ಕಿತ್ತು ತರುವ ಮುನ್ನ ಅಲ್ಲಿ ಏನು ಸಿಂಪಡಿಸಲಾಗಿದೆ ಎಂದು ಕೇಳಿ ತಿಳಿಯಲೇಬೇಕು. ಕಾಫಿ ಮತ್ತು ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೊ ದ್ರಾವಣವೆಂಬ ಶಿಲೀಂಧ್ರನಾಶಕದಲ್ಲಿ ಮೈಲುತುತ್ತವಿದೆ, ಅದು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ಕಳೆನಾಶಕ ಮತ್ತು ಕೀಟನಾಶಕಗಳ ಮಾತಂತೂ ಹೇಳಬೇಕಾಗಿಲ್ಲ. ನಮಗೆ ಏನೂ ಆಗದ ಪ್ರಮಾಣವು ಹದಿಮೂರು ಗ್ರಾಂ ತೂಗುವ ಜೀವಕ್ಕೆ ಮಾರಕವಾಗಬಲ್ಲದು. ಸ್ವಂತ ತೋಟವೇ ಆದರೂ ಸಿಂಪಡಿಸಿದ ಕೆಲಸದವರನ್ನೇ ವಿಚಾರಿಸುವುದು ಕ್ಷೇಮ. ಸಂಶಯವಿದ್ದರೆ ಕುಂಡದ ತೆನೆಯೇ ಸಾಕು.

ಮೊಳಕೆಯೂ ಹಸಿರಿಗೆ ಒಳ್ಳೆಯ ಪೂರಕ. ಕಾಳನ್ನು ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ಜಾಲರಿಯಲ್ಲಿ ಸೋಸಿ, ದಿನಕ್ಕೆ ಮೂರು ಬಾರಿ ತಾಜಾ ನೀರಿನಲ್ಲಿ ಜಾಲಾಡಿ, ಬಿಳಿಯ ಮೊಳಕೆಯ ತುದಿ ಇಣುಕಿದೊಡನೆ ಕೊಡಬೇಕು. ಹುಳಿ ವಾಸನೆ ಅಥವಾ ಲೋಳೆ ಕಂಡರೆ ಎಸೆಯಬೇಕು. ಜುಲೈ-ಆಗಸ್ಟ್‌ನಲ್ಲಿ ಮಡಿಕೇರಿಯಂಥ ಕಡೆ ಮೊಳಕೆ ಮಾಡದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆ ಹವೆಯಲ್ಲಿ ಮೊಳಕೆಗಿಂತ ಮೊದಲೇ ಬೂಷ್ಟು ಬರುತ್ತದೆ.

ಹಣ್ಣನ್ನು ಹೆಚ್ಚಿನ ಫಿಂಚ್‌ಗಳು ಮುಟ್ಟುವುದಿಲ್ಲ. ಸೇಬಿನ ಅಥವಾ ಕಿತ್ತಳೆಯ ಸಣ್ಣ ಚೂರನ್ನು ಬೀಜ ತೆಗೆದು ಇಟ್ಟುನೋಡಬಹುದು, ತಿನ್ನದಿದ್ದರೆ ಚಿಂತೆಯಿಲ್ಲ.

ಮೊಟ್ಟೆಯ ಆಹಾರ

ಕಾಳಿನ ಸಸಾರಜನಕದಲ್ಲಿ ಲೈಸಿನ್‌ನಂಥ ಅಗತ್ಯ ಅಂಶಗಳು ಕಡಿಮೆ. ಗರಿ ಉದುರಿ ಹೊಸದು ಮೂಡುವಾಗ, ಮೊಟ್ಟೆಯಿಡುವಾಗ, ಮರಿ ಬೆಳೆಯುವಾಗ ಈ ಕೊರತೆ ಎದ್ದು ಕಾಣುತ್ತದೆ. ಇದಕ್ಕೆ ಕೋಳಿಮೊಟ್ಟೆಗಿಂತ ಸುಲಭದ ಪರಿಹಾರ ಇನ್ನೊಂದಿಲ್ಲ. ಮೊಟ್ಟೆಯನ್ನು ಹದಿನೈದು ನಿಮಿಷ ಗಟ್ಟಿಯಾಗಿ ಬೇಯಿಸಿ, ಆರಿದ ಮೇಲೆ ಸಿಪ್ಪೆಯ ಸಮೇತ ಫೋರ್ಕಿನಿಂದ ನುಣ್ಣಗೆ ಪುಡಿಮಾಡಿ, ತುರಿದ ಕ್ಯಾರೆಟ್ ಅಥವಾ ಹೆಚ್ಚಿದ ನುಗ್ಗೆ ಸೊಪ್ಪು ಬೆರೆಸಬೇಕು. ಉಪ್ಪು, ಎಣ್ಣೆ, ಹಾಲು ಯಾವುದೂ ಬೇಡ. ಒಂದು ಜೋಡಿಗೆ ಅರ್ಧ ಟೀ ಚಮಚ ಸಾಕು. ಎರಡು ಗಂಟೆಯ ಬಳಿಕ ಉಳಿದುದನ್ನು ತೆಗೆಯಲೇಬೇಕು, ಏಕೆಂದರೆ ಮೊಟ್ಟೆ ಕೆಟ್ಟಿರುವುದು ವಾಸನೆಯಿಂದ ನಮಗೆ ತಿಳಿಯುವ ಹೊತ್ತಿಗೆ ಹಕ್ಕಿ ಅದನ್ನು ತಿಂದಾಗಿರುತ್ತದೆ.

ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಒಂದೆರಡು ಬಾರಿ ಇದನ್ನು ಕೊಟ್ಟರೆ ಸಾಲುತ್ತದೆ. ಗೂಡಿನಲ್ಲಿ ಮರಿಗಳಿರುವಾಗ ಮಾತ್ರ ದಿನವೂ, ಸಾಧ್ಯವಿದ್ದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತೂ ತಾಜಾ ಮಾಡಿ ಕೊಡಬೇಕು. ಜೀಬ್ರಾ ಫಿಂಚ್‌ನ ಮೊಟ್ಟೆಗಳು ಹನ್ನೆರಡರಿಂದ ಹದಿನಾಲ್ಕು ದಿನಗಳ ಕಾವಿನಲ್ಲಿ ಒಡೆಯುತ್ತವೆ, ಮರಿಗಳು ಸುಮಾರು ಮೂರು ವಾರಕ್ಕೆ ಗೂಡು ಬಿಡುತ್ತವೆ, ಐದು ವಾರದ ಹೊತ್ತಿಗೆ ತಾವಾಗಿಯೇ ಕಾಳು ಒಡೆದು ತಿನ್ನುತ್ತವೆ. ಅಲ್ಲಿಯವರೆಗೂ ಈ ಏರ್ಪಾಡು ಮುಂದುವರಿಯಬೇಕು.

ಮೊಟ್ಟೆಯ ಆಹಾರವನ್ನು ವರ್ಷವಿಡೀ ದಿನನಿತ್ಯ ಕೊಡುವ ಉತ್ಸಾಹ ಹಲವರಲ್ಲಿದೆ, ಅದು ಹಕ್ಕಿಯ ಹಿತಕ್ಕೆ ಪೂರಕವಲ್ಲ. ಸಮೃದ್ಧಿಯ ಕಾಲ ಬಂದಿದೆಯೆಂದು ತಿಳಿದು ಜೋಡಿಯು ಒಂದರ ಹಿಂದೊಂದು ಸಂಸಾರ ಹೂಡುತ್ತದೆ. ಒಂದು ಮೊಟ್ಟೆಯ ತೂಕ ಸುಮಾರು ಒಂದು ಗ್ರಾಂ, ಒಂದು ಸರದಿಯಲ್ಲಿ ನಾಲ್ಕರಿಂದ ಆರು ಮೊಟ್ಟೆ; ಅಂದರೆ ಹೆಣ್ಣು ತನ್ನ ಮೈತೂಕದ ಮೂರನೆಯ ಒಂದು ಪಾಲಿನಷ್ಟನ್ನು ದಿನಕ್ಕೊಂದರಂತೆ ಕಳೆದುಕೊಳ್ಳುತ್ತದೆ. ಬಿಡುವಿಲ್ಲದೆ ಹೀಗಾದರೆ ಮೂಳೆಯ ಸುಣ್ಣ ಬರಿದಾಗಿ, ಚಳಿಯ ದಿನಗಳಲ್ಲಿ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುವ ಸಂಭವವಿದೆ. ವರ್ಷಕ್ಕೆ ಎರಡು ಸರದಿ ಮರಿಗಳಾದ ಮೇಲೆ ಗೂಡಿನ ಪೆಟ್ಟಿಗೆಯನ್ನು ತೆಗೆದು, ಮೊಟ್ಟೆಯ ಆಹಾರವನ್ನು ಕಡಿಮೆ ಮಾಡಿ ಅವುಗಳಿಗೆ ವಿಶ್ರಾಂತಿ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಸುಣ್ಣಾಂಶ, ಬಿಸಿಲು ಮತ್ತು ನೀರು

ಪಂಜರದ ಸರಳಿಗೆ ಒಂದು ಕಟಲ್ ಬೋನ್ (ಕಟಲ್ ಮೀನಿನ ಮೈಯೊಳಗಿನ ಸುಣ್ಣದ ಚಿಪ್ಪು) ಸದಾ ಕಟ್ಟಿರಲಿ. ಅದು ಸಿಗದ ಕಡೆ ಕೋಳಿಮೊಟ್ಟೆಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಒರಟಾಗಿ ಪುಡಿಮಾಡಿ ಬೇರೆ ಬಟ್ಟಲಿನಲ್ಲಿಡಬಹುದು. ಎಲೆಯಡಿಕೆಯ ಸುಣ್ಣ ಬಾಯಿಯನ್ನೂ ಅನ್ನನಾಳವನ್ನೂ ಸುಡುತ್ತದೆ, ಅದನ್ನು ಹತ್ತಿರವೂ ತರಬಾರದು. ಕಾಳನ್ನು ಹೊಟ್ಟು ಬಿಡಿಸಿ ತಿನ್ನುವ ಹಕ್ಕಿಯಾದ್ದರಿಂದ ಫಿಂಚ್‌ಗೆ ಮರಳು ಅಥವಾ ಕಲ್ಲಿನ ಚೂರುಗಳ ಅನಿವಾರ್ಯತೆ ಇಲ್ಲ.

ಸುಣ್ಣಾಂಶ ಎಷ್ಟು ತಿಂದರೂ ಡಿ3 ಜೀವಸತ್ವ ಇಲ್ಲದೆ ಅದು ಮೂಳೆಗೆ ಸೇರುವುದಿಲ್ಲ, ಮತ್ತು ಡಿ3 ಹುಟ್ಟುವುದು ನೇರ ಬಿಸಿಲಿನಿಂದ. ಕಿಟಕಿಯ ಗಾಜಿನ ಮೂಲಕ ಬರುವ ಬೆಳಕಿನಲ್ಲಿ ಅದಕ್ಕೆ ಬೇಕಾದ ಕಿರಣಗಳು ಇರುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಪಂಜರವನ್ನು ಜಗಲಿಗೆ ತನ್ನಿ. ಅರ್ಧ ಪಂಜರ ನೆರಳಿನಲ್ಲಿರಲಿ, ಬೆಕ್ಕು ಮತ್ತು ಕಾಗೆಯ ಕಾವಲಿಗೆ ಯಾರಾದರೂ ಜೊತೆಗಿರಲಿ. ಸೂರ್ಯನ ಮುಖವೇ ಕಾಣದ ಮಳೆಯ ತಿಂಗಳುಗಳಲ್ಲಿ ಪಕ್ಷಿಗಳಿಗೆಂದೇ ತಯಾರಾದ ಡಿ3 ಇರುವ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆ ಮೀರದಂತೆ ಮೊಟ್ಟೆಯ ಆಹಾರದ ಮೇಲೆ ಉದುರಿಸಬೇಕು. ಡಿ3 ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಆದುದರಿಂದ ಚಿಟಿಕೆ ಹೆಚ್ಚಾದರೇನು ಎಂಬ ಭಾವನೆ ಸಲ್ಲದು. ನೀರಿಗೆ ಬೆರೆಸಿದರೆ ಹಕ್ಕಿ ಎಷ್ಟು ಕುಡಿಯಿತೆಂಬ ಲೆಕ್ಕ ಸಿಗುವುದಿಲ್ಲ, ನೀರೂ ಬೇಗ ಹಳಸುತ್ತದೆ.

ಕುಡಿಯುವ ನೀರನ್ನು ದಿನವೂ ಬದಲಿಸಿ, ಬಟ್ಟಲನ್ನು ಉಜ್ಜಿ ತೊಳೆಯಬೇಕು. ಬಾವಿಯ ಅಥವಾ ತೊರೆಯ ನೀರು ಕದಡುವ ಕಾಲದಲ್ಲಿ ಕುದಿಸಿ ಆರಿಸಿದ ನೀರನ್ನೇ ಕೊಡಿ. ಸ್ನಾನದ ತಟ್ಟೆ ಬೇರೆ ಇರಲಿ.

ಕೊಡಬಾರದ ಪದಾರ್ಥಗಳು

ನಮ್ಮ ಜಿಲ್ಲೆಯ ಅಡುಗೆಮನೆ ಮತ್ತು ತೋಟಗಳಲ್ಲಿ ದಿನವೂ ಕಾಣುವ ಹಲವು ವಸ್ತುಗಳು ಹಕ್ಕಿಗೆ ವಿಷ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಬೆಣ್ಣೆಹಣ್ಣು. ತೋಟದ ಮರದಲ್ಲಿ ಧಾರಾಳವಾಗಿ ಬಿಡುವ ಈ ಹಣ್ಣಿನಲ್ಲಿ, ಅದರ ಎಲೆ ಮತ್ತು ಬೀಜದಲ್ಲಿ ಪರ್ಸಿನ್ ಎಂಬ ಅಂಶವಿದ್ದು, ಅದು ಹಕ್ಕಿಯ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ. ಚೂರು ಕೂಡ ಕೊಡಬಾರದು. ಕಾಫಿ ಮತ್ತು ಚಾಕೊಲೇಟ್, ಮನೆಯಲ್ಲಿ ಮಾಡಿದ ವೈನ್, ಈರುಳ್ಳಿ ಮತ್ತು ಬೆಳ್ಳುಳ್ಳಿ, ಉಪ್ಪು ಹಾಕಿದ ಕುರುಕಲು ತಿಂಡಿ ಇವೂ ವರ್ಜ್ಯ. ಹಸಿ ಕೆಸುವಿನ ಎಲೆ ಬಾಯಿ ಗಂಟಲುಗಳನ್ನು ಸುಡುತ್ತದೆ, ಹಸಿ ಕಣಿಲೆಯಲ್ಲಿ (ಎಳೆ ಬಿದಿರಿನ ಮೊಳಕೆಯಲ್ಲಿ) ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ನಾವು ಪಾಯಸ ಮಾಡಿ ಉಣ್ಣುವ ಮದ್ದು ಸೊಪ್ಪು ಮನುಷ್ಯರ ಆಚರಣೆಗೆ ಸೇರಿದ್ದು, ಅದನ್ನು ಪಂಜರಕ್ಕೆ ಕೊಂಡೊಯ್ಯುವುದು ಬೇಡ. ಅನ್ನ, ಬ್ರೆಡ್ಡು ವಿಷವಲ್ಲವಾದರೂ ಪೋಷಕಾಂಶವಿಲ್ಲದೆ ಹೊಟ್ಟೆ ತುಂಬಿಸುತ್ತವೆ. ಪಂಜರವನ್ನು ಅಡುಗೆಮನೆಯಲ್ಲಿಡುವುದೂ ತರವಲ್ಲ. ಒಲೆಯ ಹೊಗೆಯ ಜೊತೆಗೆ, ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯಿಂದ ಹೊರಡುವ ಆವಿ ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಬದಲಾವಣೆ ಮತ್ತು ನಿಗಾ

ಅಂಗಡಿಯಿಂದ ಬಂದ ಹಕ್ಕಿ ಬಹುಶಃ ಒಂದೇ ಬಗೆಯ ಕಾಳು ತಿಂದು ಬೆಳೆದಿರುತ್ತದೆ, ಹೊಸದನ್ನು ಕಂಡರೆ ಹೆದರಿ ದೂರ ಸರಿಯುತ್ತದೆ. ಹಳೆಯ ಕಾಳನ್ನು ಒಮ್ಮೆಗೇ ನಿಲ್ಲಿಸದೆ, ಹೊಸ ಮಿಶ್ರಣವನ್ನು ಕಾಲು ಪಾಲಿನಿಂದ ಆರಂಭಿಸಿ ಮೂರು ನಾಲ್ಕು ವಾರಗಳಲ್ಲಿ ಪೂರ್ತಿ ಬದಲಿಸಬೇಕು. ಸೊಪ್ಪು, ಮೊಟ್ಟೆಗಳನ್ನು ಬೆಳಗಿನ ಮೊದಲ ಹಸಿವಿನ ಹೊತ್ತಿಗೆ ಇಟ್ಟರೆ ಬೇಗ ರೂಢಿಯಾಗುತ್ತದೆ. ಗುಂಪಿನಲ್ಲಿ ಒಂದು ಹಕ್ಕಿ ಧೈರ್ಯಮಾಡಿ ತಿಂದರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ಒಂಟಿ ಹಕ್ಕಿಗೆ ಕಲಿಸುವುದು ಕಷ್ಟ, ಮತ್ತು ಫಿಂಚ್‌ಗಳನ್ನು ಒಂಟಿಯಾಗಿ ಸಾಕುವುದೂ ಸರಿಯಲ್ಲ. ಕಾರ್ಖಾನೆಯಲ್ಲಿ ಪುಡಿಯನ್ನು ಒತ್ತಿ ಗುಳಿಗೆ ಮಾಡಿದ ಪೆಲೆಟ್ ಆಹಾರವನ್ನು ಫಿಂಚ್‌ಗಳು ಸುಲಭವಾಗಿ ಒಪ್ಪುವುದಿಲ್ಲ, ಮೇಲೆ ಹೇಳಿದ ವೈವಿಧ್ಯವಿದ್ದರೆ ಅದು ಕಡ್ಡಾಯವೂ ಅಲ್ಲ.

ಗ್ರಾಮಿನ ಹತ್ತನೆಯ ಭಾಗವನ್ನೂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡುಕೊಳ್ಳಿ. ಹಕ್ಕಿಯನ್ನು ತೂಕ ಗೊತ್ತಿರುವ ಸಣ್ಣ ಡಬ್ಬಿಯಲ್ಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ಅಂಕಿ ಎಚ್ಚರಿಸುತ್ತದೆ. ಬೇಟೆಗೆ ಬಲಿಯಾಗುವ ಪ್ರಾಣಿಗಳು ತಮ್ಮ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಒಂದು ವಾರದಲ್ಲಿ ಒಂದು ಗ್ರಾಮಿಗಿಂತ ಹೆಚ್ಚು ಇಳಿದಿದ್ದರೆ, ಎದೆಯ ನಡುಮೂಳೆ ಬೆರಳಿಗೆ ಚೂಪಾಗಿ ತಗುಲಿದರೆ, ಹಿಕ್ಕೆಯಲ್ಲಿ ಜೀರ್ಣವಾಗದ ಇಡೀ ಕಾಳು ಕಂಡರೆ, ಹಗಲಿನಲ್ಲೇ ಗರಿ ಕೆದರಿಕೊಂಡು ಕಣ್ಣುಮುಚ್ಚಿ ಕುಳಿತರೆ ಅದನ್ನು ಬೇರೆ ಪಂಜರಕ್ಕೆ ಸೇರಿಸಿ, ಬಲ್ಬಿನ ಬೆಚ್ಚನೆಯಲ್ಲಿಟ್ಟು, ಕಾಳು ಮತ್ತು ನೀರು ಕೊಕ್ಕಿಗೆ ಎಟುಕುವಂತೆ ನೆಲದ ಮಟ್ಟದಲ್ಲಿಡಬೇಕು. ಅದೇ ದಿನ ಪಶುವೈದ್ಯರನ್ನು ಕಾಣಬೇಕು. ಹೋಗುವಾಗ ಪಂಜರದ ತಳದ ಕಾಗದವನ್ನು ಬದಲಿಸದೆ ಹಿಕ್ಕೆಯ ಸಮೇತ ಮತ್ತು ತಿನ್ನಿಸುತ್ತಿರುವ ಕಾಳಿನ ಒಂದು ಹಿಡಿಯನ್ನು ಪೊಟ್ಟಣ ಕಟ್ಟಿ ಒಯ್ಯಬೇಕು.